ಅಪ್ರದಕ್ಷಿಣೆಯ ಅಭಿಮಾನಿಗಳು

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಜನ ನೋಡುವುದನ್ನೇ ಬಿಟ್ಟ ಆಟವೊಂದಕ್ಕೆ ನಾನು ಅಭಿಮಾನಿ. ಅಮೆರಿಕದಲ್ಲಿ ನಡೆಯುವ ಓಪನ್ ವೀಲ್ ಕಾರ್ ರೇಸು ಅದು. ಮೇಲೆ ಮುಚ್ಚಿಗೆಯಿಲ್ಲದ, ಮಡ್‌ಗಾರ್ಡಿಲ್ಲದ, ನಾಲ್ಕೂ ಚಕ್ರಗಳು ಮೈಯಿಂದಾಚೆ ಚಾಚಿಕೊಂಡಿರುವ ಒಂಟಿ ಸೀಟಿನ ಕಾರುಗಳು ಮೊಟ್ಟೆಯಾಕಾರದ ದಾರಿಯಲ್ಲಿ ಗಂಟೆಗಟ್ಟಲೆ ಸುತ್ತುತ್ತವೆ. ಒಂದು ಕಾಲಕ್ಕೆ ಅದನ್ನು ನೋಡಲು ಊರಿಗೆ ಊರೇ ಹೋಗುತ್ತಿತ್ತಂತೆ. ನಾನು ಅಭಿಮಾನಿಯಾಗುವ ಹೊತ್ತಿಗೆ ಕ್ಯಾಮೆರಾಕ್ಕೆ ಖಾಲಿ ಕುರ್ಚಿಗಳೇ ಹೆಚ್ಚಾಗಿ ಸಿಗುತ್ತಿದ್ದವು. ಅಂಥ ರೇಸನ್ನು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಕೂತು, ಚುರುಮುರಿ ತಿನ್ನುತ್ತಾ ನೋಡುವವನನ್ನು ಏನೆಂದು ಕರೆಯಬೇಕೋ ನೀವೇ ಹೇಳಿ. ನನ್ನ ಹೆಂಡತಿ ವಿನುತಾ ಈಗಾಗಲೇ ಒಂದೆರಡು ಹೆಸರು ಇಟ್ಟಿದ್ದಾಳೆ.

ಮದುವೆಯಾದ ಹೊಸದರಲ್ಲಿ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೇಸು ತೋರಿಸಿದೆ. ಹತ್ತು ಸುತ್ತು ಮಾತಾಡದೆ ನೋಡಿದಳು. ಅಷ್ಟರಲ್ಲಿ ನನ್ನ ಎದೆ ಹಿಗ್ಗಿತ್ತು.

"ರೀ, ಇವ್ರು ಬರೀ ಎಡಕ್ಕೇ ತಿರುಗ್ತಾರಲ್ಲ?"

"ಹೌದು, ಓವಲ್ ಟ್ರ್ಯಾಕ್ ಅಂದ್ರೆ ಹಾಗೇನೇ."

"ಅಂದ್ರೆ ಅಪ್ರದಕ್ಷಿಣೆ! ದೇವಸ್ಥಾನದಲ್ಲಿ ಹೀಗೆ ಒಂದ್ ಸುತ್ತು ಬಂದ್ರೆ ನಮ್ಮಜ್ಜಿ ಬೆನ್ನಿಗೆ ಗುದ್ದೋರು. ಇವ್ರು ಇನ್ನೂರ್ ಸುತ್ತು ಬಂದು, ಆಮೇಲೆ ಜನ ಬರ್ತಿಲ್ಲ ಅಂತ ಅಳ್ತಾರಾ?"

ಅಷ್ಟು ಹೇಳಿ ಒಗ್ಗರಣೆ ಹಾಕಲು ಹೋದಳು. ಆ ರೇಸಿನ ಅವನತಿಯ ಬಗ್ಗೆ ಪಂಡಿತರು ಬರೆದದ್ದನ್ನೆಲ್ಲ ನಾನು ಓದಿದ್ದೇನೆ. ಇಷ್ಟು ಚುಟುಕಾದ ವಿವರಣೆ ಬೇರೆ ಯಾರೂ ಕೊಟ್ಟಿಲ್ಲ.

ಆದರೂ ನಾನು ಸೋಲೊಪ್ಪುವವನಲ್ಲ. ಅಭಿಮಾನಿಗಳನ್ನು ಸೇರಿಸುವ ಕೆಲಸವನ್ನು ಒಬ್ಬನೇ ಹೊತ್ತುಕೊಂಡೆ. ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಊಟಕ್ಕೆ ಕರೆದಾಗಲೆಲ್ಲ ಹಾಲಿನ ಕಥೆ ಹೇಳುತ್ತಿದ್ದೆ. ಇಂಡಿಯಾನಾಪೊಲಿಸ್ಸಿನ ದೊಡ್ಡ ರೇಸಿನಲ್ಲಿ ಗೆದ್ದವನಿಗೆ ಕುಡಿಯಲು ಕೊಡುವುದು ಒಂದು ಬಾಟಲಿ ಹಾಲು. ಒಂದು ಗುಟುಕು ಕುಡಿದು ಉಳಿದದ್ದನ್ನು ತಲೆಯ ಮೇಲೆ ಸುರಿದುಕೊಳ್ಳುವವರೂ ಉಂಟು. ಸಾಕ್ಷಾತ್ ಕ್ಷೀರಾಭಿಷೇಕ! ಇಂಥ ಸಾತ್ವಿಕ ಆಟ ನಮ್ಮವರಲ್ಲದೆ ಇನ್ನಾರು ನೋಡಬೇಕು ಎಂದು ಕೇಳುತ್ತಿದ್ದೆ. ಎಲ್ಲರೂ ತಲೆದೂಗಿ ಕ್ರಿಕೆಟ್ ಸ್ಕೋರ್ ಎಷ್ಟಾಯಿತು ಎಂದು ವಿಚಾರಿಸುತ್ತಿದ್ದರು. ಸ್ವೀಡನ್ನಿನವನೇ ಒಬ್ಬ ಅಲ್ಲಿ ಗೆದ್ದು ಹಾಲು ಕುಡಿದದ್ದೂ ಉಂಟು. ಆಗ ಇಲ್ಲಿನ ಜನ ನಾಲ್ಕು ದಿನ ಹೆಮ್ಮೆಪಟ್ಟರಂತೆ, ಐದನೆಯ ದಿನ ಐಸ್ ಹಾಕಿಗೆ ಮರಳಿದರಂತೆ.

ನನ್ನ ಪಾಲಿಗೆ ಇದ್ದ ಸಹ ಅಭಿಮಾನಿ ಒಬ್ಬನೇ, ಮೂರ್ತಿ. ಮೈಸೂರಿನಲ್ಲಿ ಒಂದೇ ಕಾಲೇಜು, ಆಮೇಲೆ ಒಂದೇ ಕಂಪನಿ. ತೊಂಬತ್ತರ ದಶಕದ ಕೊನೆಗೆ ನಮ್ಮಿಬ್ಬರನ್ನೂ ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಕಳಿಸಿದಾಗ, ನಾವಿದ್ದ ಮನೆಯ ಯಜಮಾನ ಒಂದು ಭಾನುವಾರ ರೇಸಿಗೆ ಕರೆದುಕೊಂಡು ಹೋದ. ಆ ಸದ್ದು ಕಿವಿಯಿಂದ ಒಳಗಿಳಿದು ಪಕ್ಕೆಲುಬುಗಳಲ್ಲಿ ಕೂತುಬಿಟ್ಟಿತು. ಕೆಲವು ವರ್ಷಗಳ ಮೇಲೆ ಇಬ್ಬರೂ ಗೋಥೆನ್‌ಬರ್ಗಿಗೆ ಬಂದೆವು. ಮೂರ್ತಿಯ ಮನೆಯ ಡಿಶ್‌ನಲ್ಲಿ ರೇಸಿನ ಚಾನೆಲ್ ಬರುತ್ತಿತ್ತು. ಪ್ರತಿ ಭಾನುವಾರ ಸಂಜೆ ನಾನು ಟ್ರಾಮ್ ಹತ್ತಿ ಹೋಗುತ್ತಿದ್ದೆ, ಅವನು ಚುರುಮುರಿ ಕಲಸುತ್ತಿದ್ದ. ಬೇಸಿಗೆಯಲ್ಲಿ ಕಿಟಕಿಯ ಬಿಸಿಲು ಟೀವಿಯ ಮೇಲೆ ಬಿದ್ದು ಕಾರುಗಳೇ ಕಾಣುತ್ತಿರಲಿಲ್ಲ. ಬೆಡ್‌ಶೀಟ್ ಕಟ್ಟಿ ನೋಡುತ್ತಿದ್ದೆವು.

ಇಲ್ಲೊಂದು ಚರಿತ್ರೆಯ ಪಾಠ ಅಗತ್ಯ. ತೊಂಬತ್ತರ ದಶಕದ ನಡುವೆ ಆ ರೇಸಿನವರು ಜಗಳವಾಡಿ ಎರಡು ಬಣವಾದರು. ಒಂದು ಬಣ ಓವಲ್ ಟ್ರ್ಯಾಕನ್ನೇ ನೆಚ್ಚಿಕೊಂಡಿತು. ಇನ್ನೊಂದು ಪಟ್ಟಣದ ಬೀದಿಗಳಲ್ಲೂ ತಿರುವುಮುರುವು ದಾರಿಗಳಲ್ಲೂ ಓಡಿತು. ಇಬ್ಬರ ಕಾರೂ ನೋಡಲು ಹೆಚ್ಚುಕಡಿಮೆ ಒಂದೇ. ಒಳ್ಳೆಯ ಚಾಲಕರು ಹಂಚಿಹೋದರು, ಯಾವುದನ್ನು ನೋಡುವುದೆಂದು ತಿಳಿಯದೆ ಜನ ಮೂರನೆಯದೇ ಇನ್ನೊಂದು ರೇಸನ್ನು ನೋಡಿದರು. ಈ ಕಾರಣದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಾನು ಓವಲ್ ಬಣದವನು, ಮೂರ್ತಿ ಬೀದಿಯ ಬಣದವನು. ಗೋಥೆನ್‌ಬರ್ಗಿನಲ್ಲಿ ಇದ್ದವರೇ ಇಬ್ಬರು ಅಭಿಮಾನಿಗಳು, ಅದರಲ್ಲೂ ಎರಡು ಬಣ. ಆ ಜಗಳ ಚುರುಮುರಿಗೆ ನಿಂಬೆಹಣ್ಣು ಹಿಂಡಿದ ಹಾಗೆ ಹಿತವಾಗಿಯೇ ಇತ್ತು.

ಹಿತವಲ್ಲದ ಜಗಳ ಬಂದದ್ದು ಯುಗಾದಿಯಿಂದ. ಇಲ್ಲಿ ಹಬ್ಬಕ್ಕೆ ರಜೆಯಿಲ್ಲ, ಆದ್ದರಿಂದ ಹತ್ತಿರದ ಶನಿವಾರ ಹಾಲ್ ಹಿಡಿದು ಆಚರಿಸುವುದು ರೂಢಿ. ಆ ವರ್ಷ ಯುಗಾದಿ ಬಂದದ್ದು ಬುಧವಾರ. ನಮ್ಮ ಕನ್ನಡ ಸಂಘದ ಅಧ್ಯಕ್ಷನಾಗಿದ್ದ ನಾನು ಹಿಂದಿನ ಶನಿವಾರಕ್ಕೆ ಹಾಲ್ ಹಿಡಿದೆ. ಕಾರ್ಯದರ್ಶಿ ಮೂರ್ತಿ ಸಭೆಯಲ್ಲಿ ಎದ್ದು ನಿಂತ.

"ಲೋ ರಘು, ಹೊಸ ವರ್ಷ ಹುಟ್ಟೋಕ್ ಮುಂಚೇನೇ ಬೇವು ಬೆಲ್ಲ ಹಂಚ್ತೀಯಾ? ಮಗು ಹುಟ್ಟೋಕ್ ಮುಂಚೆ ತೊಟ್ಟಿಲು ಶಾಸ್ತ್ರ ಮಾಡ್ತಾರೇನೋ?"

"ಹಬ್ಬ ಮುಗಿದ್ಮೇಲೆ ಮಾಡಿದ್ರೆ ಅದು ಹಬ್ಬ ಅಲ್ಲ ಕಣೋ, ತಿಥಿ!"

ಆ ಮಾತು ನಾನು ಆಡಬಾರದಿತ್ತು. ಎಲ್ಲರೂ ನಕ್ಕರು, ಮೂರ್ತಿ ನಗಲಿಲ್ಲ. ಸ್ವೀಡನ್ನಿನಲ್ಲಿ ಸಂಘ ಕಟ್ಟುವುದು ಬಹಳ ಸುಲಭ. ನಾಲ್ಕು ಜನ ಕೂತು ಕಾಫಿ ಕುಡಿದು ನಿಯಮಾವಳಿ ಬರೆದರೆ ಆಯಿತು, ಕೊಮ್ಯೂನ್ ಅಂದರೆ ಇಲ್ಲಿನ ನಗರಸಭೆ ಹಾಲ್ ಕೂಡ ಕೊಡುತ್ತದೆ. ಮೂರ್ತಿ ಮುಂದಿನ ಶನಿವಾರ ಬೇರೆ ಯುಗಾದಿ ಮಾಡಿದ. ಎರಡು ವರ್ಷ ಕಳೆದ ಮೇಲೆ ಯುಗಾದಿ ಶನಿವಾರವೇ ಬಂತು. ಜಗಳದ ಕಾರಣವೇ ಇಲ್ಲವಾಗಿತ್ತು. ನಾವು ಏನು ಮಾಡಿದೆವು ಅಂತೀರಿ? ಒಂದೇ ದಿನ, ಒಂದೇ ಹೊತ್ತಿಗೆ, ನದಿಯ ಈ ದಡದಲ್ಲೊಂದು ಆ ದಡದಲ್ಲೊಂದು ಯುಗಾದಿ ಮಾಡಿದೆವು. ಹೆಚ್ಚಿನ ಜನ ಯಾರ ಮನಸ್ಸನ್ನೂ ನೋಯಿಸಬಾರದೆಂದು ಮನೆಯಲ್ಲೇ ಉಳಿದರು. ನಮ್ಮ ಹಾಲಿನಲ್ಲಿ ವೇದಿಕೆಯ ಮೇಲಿದ್ದವರು ಕೆಳಗೆ ಕೂತವರಿಗಿಂತ ಹೆಚ್ಚಿದ್ದರು. ಸ್ವಾಗತ ಗೀತೆ ಹಾಡಿದವರೇ ಇಳಿದು ಬಂದು ಚಪ್ಪಾಳೆ ತಟ್ಟಬೇಕಾಯಿತು.

ಮೂರ್ತಿ ಕಂಪನಿಯ ಬೇರೆ ಆಫೀಸಿಗೆ ವರ್ಗ ಮಾಡಿಸಿಕೊಂಡ, ಭಾನುವಾರದ ರೇಸೂ ನಿಂತಿತು. ಮೂರ್ತಿಯ ಮನೆಗೆ ಹೋಗುವಂತಿಲ್ಲವಲ್ಲ, ನಾನೂ ಬಾಲ್ಕನಿಗೆ ಒಂದು ಡಿಶ್ ಹಾಕಿಸಿದೆ. ಒಂದೇ ಊರಿನಲ್ಲಿ ಎರಡು ಡಿಶ್‌ಗಳು ಒಂದೇ ಉಪಗ್ರಹದ ಕಡೆ ಮುಖ ಮಾಡಿ ಕೂತವು. ಓವಲ್ ರೇಸಿನಲ್ಲಿ ಕೊನೆಯ ಸುತ್ತಿಗೆ ಯಾರಾದರೂ ಮುನ್ನುಗ್ಗಿ ಗೆದ್ದರೆ ನಾನು "ನೋಡ್ದೇನೋ!" ಎಂದು ಪಕ್ಕಕ್ಕೆ ತಿರುಗುತ್ತಿದ್ದೆ. ಪಕ್ಕದಲ್ಲಿ ಮಡಿಸಬೇಕಾದ ಬಟ್ಟೆಯ ರಾಶಿ ಇರುತ್ತಿತ್ತು. ನಿಜ ಹೇಳುತ್ತೇನೆ, ಆ ವರ್ಷಗಳಲ್ಲಿ ನನಗೆ ಮೂರ್ತಿ ಇಲ್ಲದ್ದಕ್ಕೆ ಬಹಳ ನೋವಾಗುತ್ತಿತ್ತು. ಮೊದಲು ಫೋನ್ ಮಾಡಬೇಕಾದವನು ಅವನು ಎಂದು ಮಾತ್ರ ಗಟ್ಟಿಯಾಗಿ ನಂಬಿದ್ದೆ.

ಹೀಗೆ ಐದು ಯುಗಾದಿಗಳು ಕಳೆದವು. 2008ರ ಆರಂಭದಲ್ಲಿ ಸುದ್ದಿ ಬಂತು: ಅಮೆರಿಕದ ಎರಡು ಬಣಗಳೂ ಒಂದಾಗುತ್ತಿವೆ. ಲಿಂಡ್‌ಹೋಲ್ಮೆನ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಫೀಕಾದ ಹೊತ್ತು. ಫೀಕಾ ಎಂದರೆ ಕಾಫಿ, ಒಂದು ಸಿಹಿ ಬನ್ನು, ಕೆಲಸದ ಮಾತಿಲ್ಲದ ಕಾಲು ಗಂಟೆ. ನಾನು ಉತ್ಸಾಹದಲ್ಲಿ ಎದ್ದು ಬಿಳಿ ಬೋರ್ಡಿನ ಮೇಲೆ ಓವಲ್ ಬರೆದು ಉಪನ್ಯಾಸ ಕೊಟ್ಟೆ. ಚಿಕ್ಕ ಅಹಂಕಾರಕ್ಕೆ ದೊಡ್ಡ ಆಟವನ್ನು ಹೇಗೆ ಒಡೆದರು, ಒಂದೇ ಬಗೆಯ ಎರಡು ಅಂಗಡಿ ತೆರೆದರೆ ಗಿರಾಕಿ ಹೇಗೆ ಬೀದಿ ದಾಟಿ ಹೋಗುತ್ತಾನೆ, ಹನ್ನೆರಡು ವರ್ಷ ಇವರಿಗೆ ಬುದ್ಧಿ ಯಾಕೆ ಬರಲಿಲ್ಲ ಎಂದೆಲ್ಲ ಬಿಡಿಸಿ ಹೇಳಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

ಎದುರಿಗೆ ಕೂತವನು ಲೆನ್ನಾರ್ಟ್, ನಿವೃತ್ತಿಗೆ ಹತ್ತಿರವಾಗಿದ್ದ ನಮ್ಮ ಹಿರಿಯ ಸಹೋದ್ಯೋಗಿ. ಬನ್ನಿನ ಕೊನೆಯ ತುಣುಕು ಮುಗಿಸಿ, ಕೈ ಒರೆಸಿಕೊಂಡು, ನಿಧಾನವಾಗಿ ಇಂಗ್ಲಿಷಿನಲ್ಲಿ ಕೇಳಿದ: "ನಿಮ್ಮ ಹೊಸ ವರ್ಷದ ಹಬ್ಬಗಳ ಹಾಗೆ, ಅಲ್ಲವಾ?"

ಯಾವ ಹಬ್ಬಗಳು ಎಂದು ಕೇಳಿದೆ.

"ಒಂದು ಶನಿವಾರ ನೀನು ಮುಖ್ಯ ಅತಿಥಿ ಅಂತ ಕರೆದೆ. ಮೂರ್ತಿಯೂ ಕರೆದಿದ್ದ. ನಾನು, ನನ್ನ ಹೆಂಡತಿ, ಮೊದಲು ನಿನ್ನಲ್ಲಿಗೆ ಬಂದೆವು. ಆಮೇಲೆ ಟ್ರಾಮ್ ಹಿಡಿದು ಅಲ್ಲಿಗೆ ಹೋದೆವು. ಅದೇ ಹಾಡು, ಅದೇ ಸಿಹಿ ರೊಟ್ಟಿ, ಅಲ್ಲೂ ಖಾಲಿ ಕುರ್ಚಿ. ಒಂದೇ ಕಾರ್ಯಕ್ರಮದ ಎರಡು ಭಾಗ ಅಂದುಕೊಂಡಿದ್ದೆವು."

ಯಾರೂ ನಗಲಿಲ್ಲ. ಸ್ವೀಡನ್ನಿನವರು ಇಂಥ ಸಮಯದಲ್ಲಿ ನಗುವುದಿಲ್ಲ, ಇನ್ನೊಂದು ಕಪ್ ಕಾಫಿ ಬಗ್ಗಿಸಿಕೊಳ್ಳುತ್ತಾರೆ. ನಾನು ನನ್ನ ಓವಲನ್ನು ಅಂಗೈಯಿಂದಲೇ ಅಳಿಸಿದೆ. ಹನ್ನೆರಡು ವರ್ಷ ಬುದ್ಧಿ ಬರದವರನ್ನು ಬೈಯುವಾಗ ನನ್ನ ಐದು ವರ್ಷಗಳು ನನ್ನ ಬೆನ್ನ ಹಿಂದೆ ಕೂತಿದ್ದವು.

ಮೂರ್ತಿಯ ನಂಬರ್ ಬಾಯಿಪಾಠವಿತ್ತು. ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಮೂರು ಸಲ ಒತ್ತಿ, ಮೂರು ಸಲ ಅಳಿಸಿದೆ. ಒಂದಾದ ಸುದ್ದಿಗೆ ಇಡೀ ಊರಿನಲ್ಲಿ ಕುಣಿದಾಡಬಲ್ಲ ಇನ್ನೊಬ್ಬ ಮನುಷ್ಯ ಅವನೇ ಎಂದು ನೆನಪಾಗಿ ನಾಲ್ಕನೆಯ ಸಲ ಅಳಿಸದೆ ಬಿಟ್ಟೆ. ಮೊದಲ ರಿಂಗಿಗೇ ಎತ್ತಿದ.

"ಓದ್ದೆ ಕಣೋ," ಎಂದ. ಹಲೋ ಇಲ್ಲ, ಏನಿಲ್ಲ. "ಒಂದಾದ್ರಂತೆ. ಆದ್ರೂ ನೋಡು, ಏಪ್ರಿಲ್‌ನಲ್ಲಿ ಒಂದೇ ವೀಕೆಂಡ್ ಎರಡ್ ಕಡೆ ರೇಸ್ ಇಟ್ಕೊಂಡಿದಾರೆ. ಮೊದ್ಲೇ ಒಪ್ಕೊಂಡ್ಬಿಟ್ಟಿದ್ರಂತೆ."

"ನಾವೂ ಎರಡು ಹಾಲ್ ಹಿಡ್ಕೊಂಡಿದೀವಲ್ಲೋ," ಎಂದೆ. "ಮೂರ್ತಿ, ಅವತ್ತು ತಿಥಿ ಅಂದಿದ್ದು ತಪ್ಪಾಯ್ತು."

"ಐದ್ ವರ್ಷ ಬೇಕಾಯ್ತೇನೋ ನಿಂಗೆ? ಹೋಗ್ಲಿ, ನಾನೂ ಫೋನ್ ಮಾಡ್ಲಿಲ್ಲ. ಯಾವ ಶನಿವಾರ ಮಾಡೋಣ ಹೇಳು."

ಹಿಂದಿನದೋ ಮುಂದಿನದೋ ಎಂದು ಅವತ್ತು ರಾತ್ರಿ ಮನೆಯಿಂದ ಮತ್ತೆ ಫೋನಿನಲ್ಲಿ ಅರ್ಧ ಗಂಟೆ ಕಿತ್ತಾಡಿದೆವು. ಕೊನೆಗೆ ಫೋನ್ ಕಸಿದುಕೊಂಡವಳು ಮೂರ್ತಿಯ ಹೆಂಡತಿ. ಐದು ವರ್ಷ ಎರಡು ಕಾರ್ಯಕಾರಿ ಸಮಿತಿಗಳಿಗೂ ಹೊಳೆಯದ ಒಂದು ದಿನವನ್ನು ಸೂಚಿಸಿದಳು. ಭಾನುವಾರ.

ಆ ಭಾನುವಾರ ಹಾಲಿನಲ್ಲಿ ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ತರಬೇಕಾಯಿತು. ಲೆನ್ನಾರ್ಟ್ ದಂಪತಿಗಳು ಊಟ ಮುಗಿಸಿ ಕೋಟು ಹಾಕಿಕೊಂಡು, ಎರಡನೆಯ ಭಾಗ ಎಲ್ಲಿ ಎಂದು ಕೇಳಿದರು. ಈಗ ಒಂದೇ ಎಂದೆ. ಒಬ್ಬಟ್ಟೂ ಒಂದೇ ಸಲವಾ ಎಂದು ಅವರ ಮುಖ ಸಣ್ಣಗಾಯಿತು, ಕಟ್ಟಿ ಕೊಟ್ಟು ಕಳಿಸಿದೆವು.

ಸಂಜೆ ಮೂರ್ತಿಯ ಮನೆಯಲ್ಲಿ ಉಳಿದ ಒಬ್ಬಟ್ಟು ಮುಂದಿಟ್ಟುಕೊಂಡು ಒಂದಾದ ರೇಸು ನೋಡಿದೆವು. ಅವತ್ತಿನದು ಬೀದಿಯ ರೇಸು, ಮೂರ್ತಿಗೆ ಹಬ್ಬ. ವಿನುತಾ ಹಾದುಹೋಗುತ್ತಿದ್ದವಳು ನಿಂತಳು. "ಅಯ್ಯೋ, ಇವತ್ತು ಬಲಕ್ಕೂ ತಿರುಗ್ತಿದಾರೆ!" ಎಂದು ಸೋಫಾದ ತುದಿಗೆ ಕೂತಳು, ಮುಗಿಯುವ ತನಕ ಏಳಲಿಲ್ಲ. ಬೀದಿಯಲ್ಲಿ ಓಡುವುದು ರೇಸೇ ಅಲ್ಲ ಎಂದು ನಾನು ಸಾಧಿಸಿದೆ. ಓವಲ್ ನೋಡುವುದಕ್ಕಿಂತ ವಾಷಿಂಗ್ ಮೆಷಿನ್ ನೋಡುವುದು ಮೇಲು ಎಂದ ಮೂರ್ತಿ. ಆ ರೇಸಿಗೆ ಕಳೆದುಹೋದ ಜನ ಮರಳಿ ಬರುತ್ತಾರೋ ಇಲ್ಲವೋ, ಅದು ಅಮೆರಿಕದವರ ತಲೆನೋವು. ಆಟಕ್ಕೆ ಲಕ್ಷ ಜನ ಬೇಕಾಗಬಹುದು, ನೋಡುವವನಿಗೆ ಪಕ್ಕದಲ್ಲಿ ಒಬ್ಬ ಸಾಕು, ಅವನು ಎದುರು ಬಣದವನಾಗಿದ್ದರೆ ಇನ್ನೂ ಒಳ್ಳೆಯದು.

ಸೋಮವಾರ ಆಫೀಸಿಗೆ ಹೊರಡುವ ಮುಂಚೆ ಬಾಲ್ಕನಿಗೆ ಹೋಗಿ ನನ್ನ ಡಿಶ್ ಬಿಚ್ಚಿದೆ.