ಕಣ್ಣಿಗೆ ಕಂಡ ಜೋಗುಳ

ನಮ್ಮ ಕಾಕಾನ ಮನೆಗೆ ಬಂದವರು ಮೊದಲು ಸೀನುತ್ತಾರೆ, ಆಮೇಲೆ ಮಾತಾಡುತ್ತಾರೆ. ಬ್ಯಾಡಗಿಯ ಆ ಮನೆಯ ಮುಂಭಾಗದಲ್ಲಿ ಖಾರ ಕುಟ್ಟುವ ಗಿರಣಿ, ಹಿಂಭಾಗದಲ್ಲಿ ವಾಸ. ನಡುವೆ ಇರುವುದು ಒಂದೇ ಗೋಡೆ, ಆ ಗೋಡೆಯಾದರೂ ಮೆಣಸಿನಕಾಯಿಯ ಘಾಟನ್ನು ಎಂದೂ ತಡೆದದ್ದಿಲ್ಲ. ದೇವರ ಪಟದ ಗಾಜಿನ ಮೇಲೂ ಕೆಂಪು ಧೂಳು ಕೂರುವ ಅಂಥ ಮನೆಗೆ, ವಿಡಿಯೋ ಎಡಿಟ್ ಮಾಡುವುದಕ್ಕೆಂದೇ ಒಂದು ಕಂಪ್ಯೂಟರು ಬಂದು ಕುಳಿತ ಸಂಗತಿಯನ್ನು ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ. ಕಂಪ್ಯೂಟರು ಈಗ ಮನೆಮನೆಯ ಮಾತಾಗಿರಬಹುದು. ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿದ್ದ ಆ ಕಾಲದಲ್ಲಿ ನಮ್ಮ ಕಡೆ ಅದು ಕಾಲೇಜಿನ ಕೋಣೆಯಲ್ಲಿ ಚಪ್ಪಲಿ ಬಿಟ್ಟು ನೋಡುವ ವಸ್ತುವಾಗಿತ್ತು.

ಕಾಕಾ ಮೂವತ್ತು ವರ್ಷ ಆ ಗಿರಣಿಯ ಒನಕೆಗಳ ಪಕ್ಕದಲ್ಲಿ ನಿಂತವನು. ಕಬ್ಬಿಣದ ಒನಕೆಗಳು ಬೆಳಗಿನಿಂದ ಸಂಜೆಯವರೆಗೆ ಮೆಣಸಿನಕಾಯಿ ಕುಟ್ಟುತ್ತ ಕುಟ್ಟುತ್ತ ಅವನ ಕಿವಿಯನ್ನೂ ಕುಟ್ಟಿಬಿಟ್ಟಿದ್ದವು. ಕಿವಿ ಹೋಗುವುದಕ್ಕೂ ಒಂದು ಕ್ರಮವಿದೆ, ಭೌತಶಾಸ್ತ್ರದ ಉಪನ್ಯಾಸಕನಾದ ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ: ಮೊದಲು ಹೋಗುವುದು ತೆಳುವಾದ, ಎತ್ತರದ ದನಿಗಳು. ಲಾರಿಯ ಹಾರ್ನು, ಹಮಾಲರ ಗಡಸು ಗಂಟಲು ಅವನಿಗೆ ಮುಟ್ಟುತ್ತಿದ್ದವು. ಗುಬ್ಬಿ, ಮಕ್ಕಳು, ಕೊನೆಗೆ ಅವನ ಹೆಂಡತಿ, ನಮ್ಮ ಚಿಗವ್ವ, ಒಬ್ಬೊಬ್ಬರಾಗಿ ಅವನ ಪಾಲಿಗೆ ಮೌನವಾದರು. ಚಿಗವ್ವನದು ನೂಲಿನಂಥ ದನಿ. ಓಣಿಯಲ್ಲಿ ಮದುವೆಯಾಗಲಿ, ತೊಟ್ಟಿಲ ಕಾರ್ಯವಾಗಲಿ, ಅವಳು ಬಂದು ಹಾಡದೆ ಆರತಿ ಎತ್ತುತ್ತಿರಲಿಲ್ಲ. ಕಿವಿಗೆ ಹಚ್ಚುವ ಮಶೀನನ್ನೂ ಕಾಕಾ ತಂದು ನೋಡಿದ. ಅದು ಚಿಗವ್ವನಿಗಿಂತ ಗಿರಣಿಯನ್ನೇ ಹೆಚ್ಚು ಕೇಳಿಸಿದ್ದರಿಂದ ಡಬ್ಬಿಗೆ ಹಿಂದಿರುಗಿತು.

ಮಗಳ ಮದುವೆಯಲ್ಲಿ ಚಿಗವ್ವ ಎರಡು ದಿನ ಹಾಡಿದ್ದಳು. ಆಮೇಲೆ ವಿಡಿಯೋದವರು ಕ್ಯಾಸೆಟ್ಟು ತಂದುಕೊಟ್ಟರು. ಹೃದಯದಾಕಾರದ ಚೌಕಟ್ಟುಗಳು ಹಾರಾಡುತ್ತಿದ್ದವು, ಗುಲಾಬಿ ದಳಗಳು ಉದುರುತ್ತಿದ್ದವು, ಮತ್ತು ಆರಂಭದಿಂದ ಕೊನೆಯ ತನಕ ಸಿನಿಮಾ ಹಾಡುಗಳು ಮೊಳಗುತ್ತಿದ್ದವು. ಪರದೆಯ ಮೇಲೆ ಚಿಗವ್ವನ ಬಾಯಿ ಆಡುತ್ತಿತ್ತು, ಹೊರಬರುತ್ತಿದ್ದದ್ದು ಬೇರೆ ಯಾರದೋ ದನಿ. ಅವಳು ಚಹಾಕ್ಕಿಡುವ ನೆವದಲ್ಲಿ ಎದ್ದು ಒಳಗೆ ಹೋದಳು. ಇದಾವುದೂ ಕೇಳಿಸದ ಕಾಕಾ, ತನ್ನ ಹೆಂಡತಿಯ ಹಾಡು ಎಷ್ಟು ಚಂದ ಬಂದಿದೆ ನೋಡಿ ಎಂದು ಬಂದಬಂದವರಿಗೆಲ್ಲ ಕ್ಯಾಸೆಟ್ಟು ಹಾಕಿ ತೋರಿಸಿದ. ನೋಡಿದ ಯಾರಿಗೂ ನಿಜ ಹೇಳುವ ಧೈರ್ಯ ಬರಲಿಲ್ಲ, ನನಗೂ ಸಹ. ಅದನ್ನು ನೆನೆದರೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಮೂರು ವರ್ಷದ ಮೇಲೆ ಮಗಳು ಹೆರಿಗೆಗೆ ಬಂದಳು. ತೊಟ್ಟಿಲ ಕಾರ್ಯಕ್ಕೆ ಅದೇ ವಿಡಿಯೋದವರನ್ನು ಕರೆಸೋಣ ಎಂದು ಕಾಕಾ ಹುರುಪಿನಿಂದ ಹೇಳಿದಾಗ, ಅವಳು ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಮದುವೆಯ ಕ್ಯಾಸೆಟ್ಟಿನಲ್ಲಿ ಅವ್ವನ ದನಿಯೇ ಇಲ್ಲವೆಂಬುದನ್ನು ಬರೆದು ತಂದೆಯ ಮುಂದಿಟ್ಟಳು. ಕಾಕಾ ಅದನ್ನು ಓದಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ. ಮರುದಿನ ಗಿರಣಿ ತೆರೆಯಲಿಲ್ಲ. ಅದರ ಮರುದಿನ ಹಾವೇರಿಗೆ ನನ್ನ ಮನೆಗೆ ಬಂದು ಕುಳಿತು, ಅಳಿಯ ಹ್ಯಾಂಡಿಕ್ಯಾಮಿನಲ್ಲಿ ಚಿತ್ರ ತೆಗೆಯುತ್ತಾನೆ, ಕೂಡಿಸುವ ಕೆಲಸ ಮನೆಯಲ್ಲೇ ಆಗಬೇಕು, ಮತ್ತೊಬ್ಬರ ಕೈಗೆ ಆ ಟೇಪು ಹೋಗಬಾರದು ಎಂದ. ಆಮೇಲೆ ದನಿ ತಗ್ಗಿಸಿ, "ಮೂರು ವರ್ಷ ಆಕಿ ಮುಂದ ಆ ಕ್ಯಾಸೆಟ್ ಹೊಗಳೇನಿ ತಮ್ಮಾ. ಇದೊಂದರ ಖರೇ ಆಗಬೇಕು" ಎಂದ.

ನಾನು ಉಬ್ಬಿಹೋದೆ. ಕಂಪ್ಯೂಟರ್ ಪತ್ರಿಕೆಗಳನ್ನು ಅಕ್ಷರ ಬಿಡದೆ ಓದಿ ನೋಟುಬುಕ್ಕು ತುಂಬಿಸಿಟ್ಟಿದ್ದ ನನಗೆ ಆ ಜ್ಞಾನವನ್ನು ಯಾರ ಮೇಲಾದರೂ ಸುರಿಯುವ ಅವಕಾಶ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ವಿಡಿಯೋ ಎಂದರೆ ಜಾಗ ನುಂಗುವ ಬಕಾಸುರ, ಹಾರ್ಡ್ ಡಿಸ್ಕು ಎಂಬತ್ತು ಜಿಬಿಗಿಂತ ಕಡಿಮೆ ಬೇಡ, ಕ್ಯಾಮೆರಾದಿಂದ ಚಿತ್ರ ಒಳಗೆ ತರಲು ಬೇರೆಯೇ ಒಂದು ಕಾರ್ಡು ಬೇಕು, ರ‍್ಯಾಮು ಹೆಚ್ಚಿದ್ದಷ್ಟೂ ಒಳ್ಳೆಯದು, ನಮ್ಮ ಊರಿನ ಕರೆಂಟನ್ನು ನಂಬುವುದಾದರೆ ಯುಪಿಎಸ್ ಕಡ್ಡಾಯ: ಹೀಗೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತ ಹೋದೆ. ಕಾಕಾ ಎಲ್ಲಕ್ಕೂ ತಲೆಯಾಡಿಸಿದ. ಮುಂದೆ ಹಾವೇರಿಯ ಎರಡು ಅಂಗಡಿ, ರಾಣೇಬೆನ್ನೂರಿನ ಮೂರು ಅಂಗಡಿ ತಿರುಗಿದಾಗ ಮಾತ್ರ ನನ್ನ ನೋಟುಬುಕ್ಕಿಗೆ ಹೆಚ್ಚು ಕೆಲಸ ಬೀಳಲಿಲ್ಲ.

ಅವನ ಪರೀಕ್ಷೆಯ ರೀತಿಯೇ ಬೇರೆ. ಗಿರಣಿಯ ಮೋಟಾರು ಕೊಳ್ಳುವವನಂತೆ ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದ, ಮೈ ಬಹಳ ನಡುಗಿದರೆ ಬೇಡ ಎನ್ನುತ್ತಿದ್ದ. ಹೊಸದಾಗಿ ಬಂದ ತೆಳು ಮಾನಿಟರನ್ನು ಅಂಗಡಿಯವರು ಹೆಮ್ಮೆಯಿಂದ ತೋರಿಸಿದರು. ಪರದೆಯ ಮೇಲಿದ್ದ ಕೆಂಪು ಹೂವನ್ನು ನೋಡಿ, ಇದು ಬಣ್ಣ ಬಳಿದ ಕಾಯಿಯ ಕೆಂಪು ಎಂದುಬಿಟ್ಟ. ಪಕ್ಕದ ಹಳೆಯ ಡೊಳ್ಳುಹೊಟ್ಟೆಯ ಮಾನಿಟರಿನಲ್ಲಿ ಅದೇ ಹೂವು ಹಣ್ಣಾದ ಕೆಂಪಾಗಿ ಕಂಡಿತು. ಮೆಣಸಿನಕಾಯಿ ಪೇಟೆಯಲ್ಲಿ ಬಾಳಿದ ಕಣ್ಣು ಅದು.

ಸಾಫ್ಟ್‌ವೇರಿನ ವಿಷಯದಲ್ಲಿ ಮಾತ್ರ ತೊಡಕಾಯಿತು. ಕ್ಯಾಮೆರಾದ ಜೊತೆಗೆ ಪುಕ್ಕಟೆ ಬಂದ ಸಿಡಿಯಲ್ಲಿದ್ದದ್ದೇ ಸಾಕು, ಕಲಿಯುವುದು ಸುಲಭ ಎಂದು ನಾನೂ ಹೇಳಿದೆ, ರಾಣೇಬೆನ್ನೂರಿನ ಅಂಗಡಿಯವರೂ ಹೇಳಿದರು. ಅವರು ಹಿರಿಯರು, ಸಮಾಧಾನದ ಮನುಷ್ಯ. ಕಾಕಾನ ಕಿವಿಯ ಸಂಗತಿ ತಿಳಿದು, ದೊಡ್ಡ ಸ್ಪೀಕರಿನಲ್ಲಿ ಒಂದು ಹಾಡು ಹಾಕಿ ಅದರ ಮೇಲೆ ಅವನ ಕೈ ಇಡಿಸಿದರು. ಡೋಲಕ್ಕು ಅಂಗೈಗೆ ಹತ್ತಿತು. ಹಾಡುವವಳ ದನಿ ಹತ್ತಲಿಲ್ಲ. ಕಾಕಾ ಕೈ ತೆಗೆದು, "ನನಗ ದನಿ ಕಾಣಬೇಕ್ರಿ. ಕಾಣೂದು ಯಾವುದರಾಗರ ಐತೇನು?" ಎಂದು ಕೇಳಿದ.

ಅಂಗಡಿಯವರು ಒಳಗಿನಿಂದ ಇನ್ನೊಂದು ಸಿಡಿ ತಂದು ಹಾಕಿದರು. ಅದು ಕಷ್ಟದ ಸಾಫ್ಟ್‌ವೇರು, ಪರದೆಯ ತುಂಬ ಗುಂಡಿಗಳು. ಆದರೆ ಚಿತ್ರದ ಪಟ್ಟಿಯ ಕೆಳಗೆ ಧ್ವನಿಯ ಪಟ್ಟಿ ಬೇರೆಯಾಗಿತ್ತು, ಅದರಲ್ಲಿ ದನಿ ಏರಿದಲ್ಲಿ ಏರುವ, ಇಳಿದಲ್ಲಿ ಇಳಿಯುವ ಹಸಿರು ಗೆರೆ. ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಇದೇ ಇರಲಿ ಎಂದ.

ನೀವೇ ಹೇಳಿ, ಹದಿನೈದು ವರ್ಷ ಕರಿಹಲಗೆಯ ಮೇಲೆ ಧ್ವನಿತರಂಗ ಬರೆದವನು ನಾನು. ಉಬ್ಬು, ತಗ್ಗು, ಕಂಪನಾಂಕ ಎಂದು ಸಾವಿರ ಸಲ ಉಚ್ಚರಿಸಿ, ಪರೀಕ್ಷೆಗೆ ಬರುವ ಪ್ರಶ್ನೆ ಎಂದು ಅಡಿಗೆರೆ ಹಾಕಿಸಿದ್ದೇನೆ. ಆ ಗೆರೆಯ ಹಿಂದೆ ಒಂದು ಗಂಟಲಿದೆ, ಉಸಿರು ಸಾಲದೆ ನಿಲ್ಲುವ ಒಂದು ಜೀವವಿದೆ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ವಿದ್ಯೆ ಇದ್ದವನಿಗೆ ಅದರ ಹಸಿವು ಇರುವುದಿಲ್ಲವೇನೋ. ಒಂದು ಉಪಕರಣವನ್ನು ಆರಿಸುವಾಗ ನಾವು ಅದಕ್ಕೆ ಏನೇನು ಬರುತ್ತದೆ ಎಂದು ಕೇಳುತ್ತೇವೆ. ಕಾಕಾ ತನಗೆ ಏನಿಲ್ಲ ಎಂಬುದನ್ನು ಮೊದಲು ಕೇಳಿಕೊಂಡಿದ್ದ, ಆದ್ದರಿಂದಲೇ ಅವನ ಆಯ್ಕೆ ತಪ್ಪಲಿಲ್ಲ.

ತಪ್ಪಿದ್ದು ನಾನು. ತೊಟ್ಟಿಲ ಕಾರ್ಯ ಮುಗಿದು, ಟೇಪನ್ನು ಕಂಪ್ಯೂಟರಿಗೆ ಇಳಿಸಿ, ಎಲ್ಲ ಬಂತು ಎಂದು ಘೋಷಿಸಿದೆ. ಗೆರೆಯನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋದ ಕಾಕಾ ಕೊನೆಗೆ ಬಂದು ನಿಂತ. ಹಾಡು ಅಲ್ಲಿಗೆ ಮುಗಿದಿರಬೇಕು ಎಂದು ನಾನು ಕೈಸನ್ನೆ ಮಾಡಿದೆ. ಅವನು ಒಪ್ಪಲಿಲ್ಲ. "ಆಕಿ ನಿಲ್ಲಿಸಿದ್ರ ಗೆರಿ ಸಣ್ಣಾಗಿ ಇಳೀತಿತ್ತು. ಇದು ಕಡದಂಗ ನಿಂತೈತಿ" ಎಂದ. ನೋಡಿದರೆ ಹಾರ್ಡ್ ಡಿಸ್ಕನ್ನು ನಾನು ಹಳೆಯ ಪದ್ಧತಿಯಲ್ಲಿ ಸಿದ್ಧಪಡಿಸಿದ್ದೆ. ಅದರಲ್ಲಿ ಒಂದು ಫೈಲು ನಾಲ್ಕು ಜಿಬಿ ಮೀರುವಂತಿಲ್ಲ, ಇಪ್ಪತ್ತು ನಿಮಿಷ ತುಂಬುವ ಮೊದಲೇ, ಜೋಗುಳದ ನಡುವೆ, ಅದು ನಿಂತುಬಿಟ್ಟಿತ್ತು. ಕಿವಿಯಿದ್ದ ನಾನು ಕೊನೆಯ ತನಕ ಕೇಳಿರಲಿಲ್ಲ. ಕೇಳಿಸದವನು ಕೊನೆಯ ತನಕ ನೋಡಿದ್ದ. ಡಿಸ್ಕನ್ನು ಹೊಸದಾಗಿ ಸಿದ್ಧಪಡಿಸಿ ಟೇಪನ್ನು ಮೊದಲಿನಿಂದ ಇಳಿಸಿದೆ.

ಆಮೇಲೆ ಅವನು ಎರಡು ತಿಂಗಳು ದಿನಾ ಮಧ್ಯಾಹ್ನ ಗಿರಣಿ ನಿಲ್ಲಿಸಿ, ಕೈ ಕಾಲು ತೊಳೆದು, ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು ಕುಳಿತ. ನೆಂಟರ ಮುಖ, ತೊಟ್ಟಿಲ ಹೂವು, ಆರತಿಯ ತಟ್ಟೆ ಎಲ್ಲವನ್ನೂ ಹಾಡಿನ ಒಂದು ನುಡಿ ಮುಗಿದು ಇನ್ನೊಂದು ನುಡಿ ಶುರುವಾಗುವ ಸಂದಿನಲ್ಲೇ ಬದಲಿಸಿದ. ನಾನು ಕಣ್ಣು ಮುಚ್ಚಿ ಕೇಳಿ ನೋಡಿದೆ: ಒಂದು ಶಬ್ದವೂ ತುಂಡಾಗಿರಲಿಲ್ಲ. ನನ್ನ ಕಾಕಾನ ಬಗ್ಗೆ ನನಗೆ ಅಷ್ಟು ಅಭಿಮಾನ ಹಿಂದೆಂದೂ ಉಕ್ಕಿರಲಿಲ್ಲ.

ಚಿತ್ರ ತೋರಿಸಿದ ದಿನ ಮಗಳು, ಅಳಿಯ, ಓಣಿಯ ನಾಲ್ಕು ಹೆಂಗಸರು, ಅವರ ಮಕ್ಕಳು, ನಾನು ಎಲ್ಲರೂ ಕಂಪ್ಯೂಟರಿನ ಮುಂದೆ ಕೂತೆವು. ಮೇಲೆ ಚಿತ್ರ ಓಡುತ್ತಿತ್ತು, ಕೆಳಗೆ ಹಸಿರು ಗೆರೆ. ಜೋಗುಳ ಬಂತು. ಹನ್ನೊಂದು ನುಡಿ, ಒಂದನ್ನೂ ಕಾಕಾ ಬಿಟ್ಟಿರಲಿಲ್ಲ. ನಾಲ್ಕನೆಯ ನುಡಿಗೆ ಮಕ್ಕಳು ಎದ್ದು ಹೋದವು, ಆರನೆಯದಕ್ಕೆ ಹೆಂಗಸರು ಮಾತಿಗಿಳಿದರು. ಚಿಗವ್ವನಿಗೆ ಸಂಕೋಚವಾಯಿತು. ಕಾಕಾನ ಎದುರಿಗೆ ಬಂದು, ಅವನಿಗೆ ತುಟಿ ಕಾಣುವಂತೆ ನಿಂತು ಹೇಳಿದಳು:

"ಎರಡು ನುಡಿ ಇಟ್ಟಿದ್ರ ಸಾಕಿತ್ತಲ್ರೀ. ಇಷ್ಟುದ್ದ ಯಾರು ಕೇಳ್ತಾರ?"

ಕಾಕಾ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮತ್ತೆ ಪರದೆ ನೋಡಿದ. "ಕಿವಿ ಕೇಳಸೋರಿಗೆ ಎರಡು ಸಾಕು," ಎಂದ. "ನನಗ ಸಾಲಂಗಿಲ್ಲ."

ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹನ್ನೊಂದನೆಯ ನುಡಿ ಮುಗಿದು ಗೆರೆ ಸಣ್ಣಗೆ ಇಳಿಯುವವರೆಗೂ ಅವನ ಪಕ್ಕದಲ್ಲೇ ನಿಂತಿದ್ದು, ಆಮೇಲೆ ಸ್ಟೂಲು ಎಳೆದುಕೊಂಡು ಕೂತು, ಮೊದಲಿನಿಂದ ಇನ್ನೊಮ್ಮೆ ಹಚ್ಚಲು ಕೈಸನ್ನೆ ಮಾಡಿದಳು.