ಶೇಂಗಾ ಎಣ್ಣೆಯಲ್ಲೊಂದು ಸಣ್ಣ ಗುಡ್ಡ

ಈಗಷ್ಟೇ ನನ್ನ ಹೆಂಡತಿ ಒಂದು ಬಾಟಲಿಗೆ ಶೇಂಗಾ ಎಣ್ಣೆ ತುಂಬಿ ಮೇಜಿನ ಮೇಲಿಟ್ಟು ಹೋದಳು. ನನ್ನ ತಮ್ಮ ನೆಹರು ನಗರದ ಆಸ್ಪತ್ರೆಯಲ್ಲಿದ್ದಾನೆ. ನಾಳೆ ಮುಂಜಾನೆ ಅವನ ಹೃದಯದ ಆಪರೇಶನ್. ಅವನ ಹೆಂಡತಿ ಅಲ್ಲೇ ಬಾಜು ಒಂದು ಖೋಲಿ ಹಿಡಿದು ಅಡುಗೆ ಮಾಡಿಕೊಳ್ಳುತ್ತಾಳೆ, ಎಣ್ಣೆ ತೀರಿದೆಯಂತೆ. ಇದೇ ಊರಿನಲ್ಲಿ ನಮ್ಮ ಮನೆಯಿರುವ ಮಹಾಂತೇಶ ನಗರದಿಂದ ಅಲ್ಲಿಗೆ ಒಂದು ಬಾಟಲಿ ಎಣ್ಣೆ ಒಯ್ಯುವುದು ದೊಡ್ಡ ಸಾಹಸವೇನಲ್ಲ. ಆದರೆ ಮುಚ್ಚಳ ಬಿಗಿ ಮಾಡಲು ಹೋದಾಗ ವಾಸನೆ ಮೂಗಿಗೆ ಬಡಿದು, ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟೆ. ನೀವೂ ಕುಳಿತುಕೊಳ್ಳಿ. ಭೇಟಿಯ ಹೊತ್ತು ಇನ್ನೂ ಆಗಿಲ್ಲ.

ಎಂಬತ್ತರ ದಶಕದ ಮಾತು. ನಾನಾಗ ಬೆಂಗಳೂರಿನ ದೊಡ್ಡದೊಂದು ಸಂಸ್ಥೆಯಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದೆ. ಪಿಎಚ್.ಡಿ. ಮುಗಿದ ಮೇಲೂ ಸಂಶೋಧನೆ ಮುಂದುವರಿಸುವುದಕ್ಕೆ ಆ ಹೆಸರು. ಖಾನಾಪುರದ ನಮ್ಮ ಅತ್ತೆಗೆ, ಅಂದರೆ ಸೋದರಮಾವನ ಹೆಂಡತಿಗೆ, ಇದರ ಬಗ್ಗೆ ಖಚಿತ ಅಭಿಪ್ರಾಯವಿತ್ತು. "ಡಾಕ್ಟರ ಆದ ಮ್ಯಾಲೂ ಸಾಲಿಗೆ ಹೋಗ್ತಾನಂದ್ರ ಎಲ್ಲೋ ಒಂದು ಸಬ್ಜೆಕ್ಟ ಉಳದಿರಬೇಕು, ಪಾಪ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಬಂದವರೂ ಲೊಚಗುಟ್ಟಿ ಹೋಗುತ್ತಿದ್ದರು.

ನನ್ನ ಕೆಲಸ ಎನ್.ಎಂ.ಆರ್. ಎಂಬ ಯಂತ್ರದ್ದು. ಒಂದು ಭಾರಿ ಅಯಸ್ಕಾಂತ. ಅದರ ಹೊಟ್ಟೆಯೊಳಗೆ ಪೆನ್ಸಿಲಿಗಿಂತ ತೆಳ್ಳಗಿನ ಗಾಜಿನ ನಳಿಕೆ ಇಳಿಬಿಡಬೇಕು. ನಳಿಕೆಯಲ್ಲಿ ಏನೇನು ಬೆರೆತಿದೆಯೋ ಅದೆಲ್ಲ ಕಾಗದದ ಮೇಲೆ ಗುಡ್ಡಗಳ ಸಾಲಾಗಿ ಮೂಡುತ್ತದೆ. ಯಾವ ವಸ್ತುವಿನ ಗುಡ್ಡ ಎಲ್ಲಿ ಏಳಬೇಕೆಂಬುದು ನಿಶ್ಚಿತ. ಕಲಸಿದ್ದನ್ನು ಬೇರ್ಪಡಿಸದೆಯೇ ಒಳಗೆ ಯಾರ್ಯಾರಿದ್ದಾರೆಂದು ಹೇಳುವುದು ನನ್ನ ವಿದ್ಯೆ. ರಜೆಗೆ ಖಾನಾಪುರಕ್ಕೆ ಹೋದಾಗ ಇದನ್ನು ಮಾಮಾನಿಗೆ ವಿವರಿಸಿದೆ. ಅವನು, "ಎಣ್ಣಿದೂ ಹೇಳತೈತೇನು?" ಎಂದ.

ಕೇಳಲು ಕಾರಣವಿತ್ತು. ಮಾಮಾನದು ಎಣ್ಣೆಯ ಗಾಣ. ಪಾರಿಶ್ವಾಡದ ಕಡೆಯಿಂದ ಶೇಂಗಾ ತರಿಸಿ ಕಣ್ಣೆದುರೇ ಹಿಂಡಿಸುತ್ತಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುತ್ತಿದ್ದ ರಾಮಭಾವು ಅವನ ಹಳೆಯ ಗಿರಾಕಿ. ಮನೆಯಲ್ಲಿ ಮರಾಠಿ, ಗಲ್ಲಾಪೆಟ್ಟಿಗೆಯ ಮುಂದೆ ಕನ್ನಡ, ಸಿಟ್ಟು ಬಂದರೆ ಎರಡೂ. ಒಂದು ದಿನ ಅವನ ಭಜಿ ತಿಂದವರ ಹೊಟ್ಟೆ ಕೆಟ್ಟಿತು. ರಾಮಭಾವು ತನ್ನ ಕಡಲೆಹಿಟ್ಟನ್ನು ಅನುಮಾನಿಸಲಿಲ್ಲ, ಎಣ್ಣೆಯನ್ನು ಅನುಮಾನಿಸಿದ. ಎಣ್ಣೆಗೆ ಏನೋ ಕಲಸುತ್ತಾರಂತೆ ಎಂಬ ಸುದ್ದಿ ಸಂತೆ ಮುಗಿಯುವುದರೊಳಗೆ ಊರೆಲ್ಲ ಆಯಿತು. ಮಾಮಾ ಅಲ್ಲಗಳೆದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಎಂದರು. ಸುಮ್ಮನಿದ್ದರೆ ನೋಡ್ರಿ, ಒಪ್ಪಿದ ಎಂದರು.

"ನಿನ್ನ ಮಷೀನ್ ಹೇಳಲಿ," ಎಂದ ಮಾಮಾ, ರಾಮಭಾವುವನ್ನು ಎದುರಿಗೇ ಕೂರಿಸಿಕೊಂಡು. "ಬ್ಯಾರೆ ಏನರ ಸಿಕ್ಕರ ಗಾಣಕ್ಕ ಕೀಲಿ ಹಾಕ್ತೀನಿ. ಖರೇ ಹೇಳಾಕತ್ತೀನಿ." ತೊಳೆದು ಒಣಗಿಸಿದ ಔಷಧದ ಬಾಟಲಿಗೆ ತಾನೇ ಗಾಣದಿಂದ ಎಣ್ಣೆ ತುಂಬಿದ. ಬಟ್ಟೆ ಸುತ್ತಿ ಕಟ್ಟಿಕೊಡಲು ಒಳಗೆ ಅತ್ತೆಯ ಕೈಗೆ ಕೊಟ್ಟ. ನಾನು ಅದನ್ನು ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದೆ.

ಬೆಂಗಳೂರಿನಲ್ಲಿ ಯಂತ್ರ ಗುಡ್ಡಗಳನ್ನು ಬರೆಯಿತು. ಶೇಂಗಾ ಎಣ್ಣೆಯ ಗುಡ್ಡಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಆದರೆ ಒಂದು ದೊಡ್ಡ ಗುಡ್ಡದ ಮಗ್ಗುಲಿಗೆ ಇರಬಾರದ ಸಣ್ಣದೊಂದು ಗುಡ್ಡ. ನಳಿಕೆ ಬದಲಿಸಿ ಮತ್ತೆ ನೋಡಿದೆ. ಅಲ್ಲೇ ಕುಳಿತಿತ್ತು. ಬ್ಯುಟಿರಿಕ್ ಆಸಿಡ್. ಬೆಣ್ಣೆಯಲ್ಲಿರುತ್ತದೆ ಎಂದು ಪುಸ್ತಕದಲ್ಲಿತ್ತು. ಅಗ್ಗದ ಎಣ್ಣೆಗೆ ತುಟ್ಟಿಯ ಬೆಣ್ಣೆ ಕಲಸುವ ವ್ಯಾಪಾರಿ ಭೂಮಿಯ ಮೇಲಿಲ್ಲ ಎಂಬುದು ಹೊಳೆಯಲು ಯಾವ ಡಿಗ್ರಿಯೂ ಬೇಡ. ಹೊಳೆಯದಿರಲು ಪೋಸ್ಟ್‌ಡಾಕ್ ಬೇಕು. ನನಗೆ ಹೊಳೆಯಲಿಲ್ಲ. ಎಷ್ಟು ದುಃಖವಾಯಿತೆಂದರೆ, ಆ ಗುಡ್ಡವನ್ನು ರಬ್ಬರಿನಿಂದ ಅಳಿಸಲೇ ಎಂದು ಕೂಡ ಯೋಚಿಸಿದೆ. ಅದು ಶಾಯಿಯಲ್ಲಿತ್ತು.

ಖಾನಾಪುರದಲ್ಲಿ ಮಾಮಾ ರಾಮಭಾವುವನ್ನು ಕರೆಸಿಯೇ ಕೂತಿದ್ದ. ನಾನು ಕಾಗದ ಬಿಚ್ಚಿದೆ.

"ಎಣ್ಣಿ ಛಲೋ ಐತ್ರಿ ಮಾಮಾ. ಆದ್ರ ಸ್ವಲ್ಪ ಒಂದು ಆಸಿಡ್ ಸಿಕ್ಕೈತಿ."

"ಆಸಿಡ್!" ರಾಮಭಾವು ಹೊಟ್ಟೆ ಹಿಡಿದುಕೊಂಡ. "ಅರೇ ದೇವಾ!"

ಮಾಮಾ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಸೊಂಟದಿಂದ ಕೀಲಿಯ ಗೊಂಚಲು ಬಿಚ್ಚಿ ನನ್ನ ಮುಂದಿಟ್ಟ. "ಮಷೀನ್ ಸುಳ್ಳ ಹೇಳೂದಿಲ್ಲಂತ ನೀನ ಹೇಳೀದಿ. ಹೆಂಗ ಬಂತೋ ನನಗ ಗೊತ್ತಿಲ್ಲ. ಹೋಗು, ಕೀಲಿ ಹಾಕಿ ಬಾ." ನನಗೆ ಆ ಅಯಸ್ಕಾಂತವನ್ನು ಎತ್ತಿ ಮಲಪ್ರಭೆಗೆ ಎಸೆದು ಬರಬೇಕೆನಿಸಿತು.

ರಾಮಭಾವುನದು ಎಷ್ಟಾದರೂ ಅಡುಗೆಯ ಬುದ್ಧಿ. "ತಡೀರಿ ಸಾವಕಾರ್ರ. ಆ ಆಸಿಡ್ ಎದರಾಗ ಇರ್ತೈತಿ, ಡಾಕ್ಟರ?"

"ಬೆಣ್ಣ್ಯಾಗ. ತುಪ್ಪದಾಗ."

ಚಹಾ ತಂದ ಅತ್ತೆ ಬಾಗಿಲಲ್ಲೇ ನಿಂತಳು. "ಅಯ್ಯ, ಅದಕ್ಯಾಕ ಕೀಲಿ ಹಾಕ್ತೀರಿ? ಆ ತುಪ್ಪ ನಾ ಹಾಕಿದ್ದು."

ಅತ್ತೆ ಚಹಾದ ಕಪ್ಪುಗಳನ್ನು ಒಂದೊಂದಾಗಿ ಮುಂದಿಟ್ಟಳು.

"ಬರೇ ಎಣ್ಣಿ ತಗೊಂಡು ಪರಊರಿಗೆ ಹೊಂಟ್ರ ಶಕುನ ಛಲೋ ಅಲ್ಲ. ಕೂಸು ಅಷ್ಟು ದೂರ ಹೋಗೂದು, ಅದರಾಗ ಒಂದು ಸಬ್ಜೆಕ್ಟ ಬ್ಯಾರೆ ಉಳದೈತಿ. ಅದಕ್ಕ ಒಂದು ಚಮಚ ತುಪ್ಪ ಹಾಕಿ ಕಟ್ಟಿದೆ. ತಪ್ಪೇನೈತಿ?"

ರಾಮಭಾವು ಕೀಲಿಯ ಗೊಂಚಲು ಎತ್ತಿ ತಾನೇ ಮಾಮಾನ ಕೈಗಿಟ್ಟ. ಇನ್ನೊಮ್ಮೆ ಪರೀಕ್ಷೆ ಮಾಡಿಸೋಣವೆಂದು ನಾನು ಶುರು ಮಾಡಿದರೆ ಇಬ್ಬರೂ ನನ್ನನ್ನು ಕಣ್ಣು ಕೆಕ್ಕರಿಸಿ ನೋಡಿದರು. ಹೋಗುವಾಗ ರಾಮಭಾವು ಒಂದು ಡಬ್ಬಿ ಎಣ್ಣೆ ಹೆಗಲ ಮೇಲಿಟ್ಟುಕೊಂಡು ಹೋದ. ಮಾಮಾ ಆ ಕಾಗದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ಬಸವಣ್ಣನ ಫೋಟೋದ ಕೆಳಗೆ ತೂಗುಹಾಕಿದ. ಯಾರಾದರೂ ಕೇಳಿದರೆ ಬೆರಳಿಟ್ಟು ತೋರಿಸುತ್ತಿದ್ದ: "ಇದೆಲ್ಲಾ ನನ್ನ ಎಣ್ಣಿ. ಈ ಸಣ್ಣ ಗುಡ್ಡ ಐತೆಲ್ಲ, ಇದು ನಮ್ಮಾಕಿ." ಮುಂದೆ ನನ್ನ ಹೆಸರಿನಲ್ಲಿ ಎಷ್ಟೋ ಪ್ರಬಂಧಗಳು ಅಚ್ಚಾದವು. ಅಷ್ಟು ಜನ ಓದಿದ್ದು ಮಾತ್ರ ಇದೊಂದನ್ನೇ.

ಮಾಮಾ ಇಲ್ಲ, ಅತ್ತೆ ಇಲ್ಲ. ನನಗೆ ಶಕುನದಲ್ಲಿ ಆಗಲೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ನಿನ್ನೆ ಸಂಜೆ ತಮ್ಮ ನನ್ನ ಕೈ ಹಿಡಿದು, "ಅಣ್ಣಾ, ಏನೂ ಆಗೂದಿಲ್ಲಲ್ಲ?" ಎಂದು ಕೇಳಿದ. ಏನೂ ಆಗೂದಿಲ್ಲ ಎಂದು ಹೇಳಿ ಬಂದೆ. ಆಗಿನಿಂದ ನನಗೆ ಒಂದೇ ಸಮನೆ ಹೆದರಿಕೆ.

ಎದ್ದು ತುಪ್ಪದ ಡಬ್ಬಿ ಹುಡುಕಿದೆ. ಬಾಟಲಿಯ ಮುಚ್ಚಳ ತೆಗೆದು ಒಂದು ಚಮಚ ಹಾಕಿದೆ. ಸ್ವಲ್ಪ ಯೋಚಿಸಿ ಇನ್ನೊಂದು ಹಾಕಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನ ಮಾಡಾಕತ್ತೀರಿ ಅದು?"

"ಕಲಬೆರಕಿ," ಎಂದೆ.