ಕಾಲೆತ್ತಿದರೆ ನಿಲ್ಲದ ಬೈಕು

ಹೊಲಿಗೆ ಮಿಷನ್ನು ಕಾಲೊತ್ತಿದರೆ ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ನಮ್ಮ ಚಿಕ್ಕಮ್ಮನ ಪಾಲಿಗೆ ಪ್ರಪಂಚದ ಯಂತ್ರಗಳೆಲ್ಲ ಹಾಗೇ ಇರಬೇಕಿತ್ತು. ಬೈಕು ಮಾಡಿದ ಪುಣ್ಯಾತ್ಮ ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಅವಳು ಬೈಕು ಕಲಿಯಲು ಹೊರಟದ್ದು ಶೋಕಿಗಲ್ಲ. ಅವಳ ಟೈಲರ್ ಅಂಗಡಿ ಊರಿನ ಇನ್ನೊಂದು ತುದಿಗೆ ಹೋಗಿತ್ತು. ದಿನಾ ಆಫೀಸಿಗೆ ಹೋಗುವಾಗ ಅವಳನ್ನು ಅಲ್ಲಿಗೆ ಬಿಡುವವರು ಚಿಕ್ಕಪ್ಪ. ಅವರ ಬೈಕಿಗೆ ಸೈಕಲ್ಲಿನವರು ಹಿಂದಿನಿಂದ ಬೆಲ್ ಹೊಡೆಯುತ್ತಿದ್ದರು. ಇಬ್ಬರೂ ತಲುಪುವಷ್ಟರಲ್ಲಿ ಗಿರಾಕಿಗಳು ಮುಚ್ಚಿದ ಬಾಗಿಲು ನೋಡಿ ಪಕ್ಕದ ಅಂಗಡಿಗೆ ನುಗ್ಗಿರುತ್ತಿದ್ದರು. ಹೀಗೇ ಆದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಅವಳು ತಾನೇ ಹ್ಯಾಂಡಲ್ ಹಿಡಿಯಲು ಹೊರಟಳು.

"ಬಿಡೋಕೆ ನಾನಿಲ್ವೇನೇ?" ಎಂದರು ಚಿಕ್ಕಪ್ಪ.

"ಇದ್ದೀರಲ್ಲ, ಅದೇ ತೊಂದರೆ ರೀ."

ಓಡಿಸುವುದನ್ನು ಅವಳು ಹೇಗೋ ಕಲಿತಳು. ಲೈಸೆನ್ಸ್ ಪರೀಕ್ಷೆಯಲ್ಲಿ ಮೊದಲು ಎಲ್ಲ ಸುಸೂತ್ರವಾಗಿ ನಡೆಯಿತು. ಕೊನೆಗೆ ಪರೀಕ್ಷೆ ಮಾಡುವ ಸಾಹೇಬರು ಮೈದಾನದ ಆ ತುದಿಯಲ್ಲಿ ನಿಂತು ತಟಕ್ಕನೆ ಕೆಂಪು ಬಾವುಟ ಎತ್ತಿದರು. ತಕ್ಷಣ ನಿಲ್ಲಿಸಬೇಕು. ಚಿಕ್ಕಮ್ಮ ಶ್ರದ್ಧೆಯಿಂದ ಎರಡೂ ಕಾಲು ಎತ್ತಿದಳು. ಬಲಗೈ ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಲು ಗಾಳಿಯಲ್ಲಿ ತಡಕಾಡಿತು. ಸಾಹೇಬರು ಎದ್ದೆನೋ ಬಿದ್ದೆನೋ ಎಂದು ಹಾರಿ ಹಳೆ ಟೈರುಗಳ ರಾಶಿಯೊಳಗೆ ಕೂತರು. ಬೈಕು ಅವರ ಹಿಂದಿದ್ದ ಕುರ್ಚಿಗೆ ಗುದ್ದಿ ನಿಂತಿತು. "ಫೇಲ್!" ಎಂಬ ದನಿ ಟೈರಿನೊಳಗಿಂದ ಕೇಳಿಸಿತು.

ಆಮೇಲೆ ಕಲಿಸಲು ನಿಂತವನು ಅವಳ ಮೈದುನ, ಗ್ಯಾರೇಜಿನ ಮೆಕ್ಯಾನಿಕ್.

"ಅತ್ತಿಗೆ, ನಿಲ್ಲಬೇಕಾದ್ರೆ ಕಾಲಲ್ಲಿ ಬ್ರೇಕ್ ಒತ್ತಬೇಕು!"

"ಒತ್ತಿದ್ರೆ ಓಡತ್ತಲ್ಲೋ!"

ಅವನು ತಲೆ ತಲೆ ಚಚ್ಚಿಕೊಂಡ. ಕೈ ಬ್ರೇಕಾದರೂ ಹಿಡಿಯಿರಿ ಎಂದರೆ ಗಬಕ್ಕನೆ ಹಿಡಿದಳು. ಮುಂದಿನ ಚಕ್ರ ಜಾರಿ, ಅತ್ತಿಗೆ ಒಂದು ಕಡೆ, ಬೈಕು ಒಂದು ಕಡೆ.

"ಹಾಗಲ್ಲ. ಹ್ಯಾಂಡಲ್ ನೆಟ್ಟಗಿರಲಿ, ಕಣ್ಣು ಮುಂದಿರಲಿ. ಮೊದಲು ಮೆತ್ತಗೆ ಹಿಂಡಿ. ಭಾರ ಮುಂದಿನ ಚಕ್ರದ ಮೇಲೆ ಕೂತ್ಕೊಳತ್ತೆ. ಆಮೇಲೆ ಗಟ್ಟಿಯಾಗಿ ಹಿಂಡಿ."

"ದಪ್ಪ ಬಟ್ಟೆಗೆ ಕತ್ತರಿ ಹಾಕಿದ ಹಾಗೆ ಅನ್ನು! ಮೊದಲು ಕಚ್ಚಿಸಬೇಕು, ಆಮೇಲೆ ಒತ್ತಬೇಕು. ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

ಕೈ ದಾರಿಗೆ ಬಂತು. ಕಾಲು ಮಾತ್ರ ಹಠ ಬಿಡಲಿಲ್ಲ. ಕೊನೆಗೆ ಉಪಾಯ ಹೊಳೆದದ್ದು ಚಿಕ್ಕಮ್ಮನಿಗೇ. ಅವಳು ಹೊಲಿಯುವುದು ಯಾವಾಗಲೂ ಬರಿಗಾಲಲ್ಲಿ. ಚಿಕ್ಕಪ್ಪನ ಬೂಟಿಗೆ ಚಿಂದಿ ಬಟ್ಟೆ ತುರುಕಿ ಹಾಕಿಕೊಂಡಳು. "ಬೂಟು ಹಾಕಿದ್ರೆ ಕಾಲಿಗೆ ತಾನು ಟೈಲರ್ ಅನ್ನೋದೇ ಮರೆತುಹೋಗತ್ತೆ" ಎಂದಳು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಹಾಗೇ ಆಯಿತು.

ಮತ್ತೆ ಪರೀಕ್ಷೆ. ಈ ಸಲ ಸಾಹೇಬರು ಮೊದಲೇ ಟೈರುಗಳ ಹಿಂದೆ ನಿಂತು ಬಾವುಟವನ್ನಷ್ಟೇ ಎತ್ತಿದರು.

"ಕತ್ತರಿ! ಬೂಟು!" ಎಂದು ಚಿಕ್ಕಮ್ಮ ಮೈದಾನ ನಡುಗುವಂತೆ ಕಿರುಚಿದಳು. ಬೈಕು ಅತ್ತಿತ್ತ ಅಲುಗದೆ ನಿಂತಿತು.

"ಪಾಸು. ಕಿರುಚೋದು ಮಾತ್ರ ಬೇಕಾಗಿಲ್ಲಮ್ಮ" ಎಂದರು ಸಾಹೇಬರು, ನಿಧಾನಕ್ಕೆ ತಲೆ ಹೊರಗೆ ಹಾಕಿ.

ಮನೆಯಲ್ಲಿ ನಾವೆಲ್ಲ ಕುಣಿದಾಡಿದೆವು. ಚಿಕ್ಕಪ್ಪ ಮಾತ್ರ ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿ ಕೂತಿದ್ದರು. ನನಗೆ ಪಾಪ ಅನ್ನಿಸಿತು.

"ಏನಾಯ್ತು ರೀ?" ಎಂದಳು ಚಿಕ್ಕಮ್ಮ.

"ಏನಿಲ್ಲ. ನಿಧಾನಕ್ಕೆ ಹೋದ್ರೆ ನಿನ್ನ ಜೊತೆ ಒಂದಿಷ್ಟು ಮಾತಾಡಬಹುದಿತ್ತು. ಇನ್ನು ಮನೇಲಿ ನಿನಗೆ ಪುರುಸೊತ್ತೆಲ್ಲಿ?"

ಚಿಕ್ಕಮ್ಮನ ಕಣ್ಣು ತುಂಬಿ ಬಂತು. ಮೂಗು ಒರೆಸಿಕೊಂಡು, "ನಾಳೆಯಿಂದ ಹಿಂದೆ ಕೂತ್ಕೊಳಿ, ನಿಮ್ಮನ್ನ ಆಫೀಸಿಗೆ ಬಿಟ್ಟು ಹೋಗ್ತೀನಿ" ಎಂದಳು. "ತಡ ಮಾಡಿದ್ರೆ ಇಲ್ಲೇ ಬಿಟ್ಟು ಹೋಗ್ತೀನಿ."